ಹಳೆಯ ಜೀಪಿಗೆ ಟರ್ಬೊ ಎಂಜಿನ್ ಕೂರಿಸುವುದು ಹೇಗೆ?

"ಮಹೀಂದ್ರದ ಎಂಎಂ 540 ಜೀಪ್ ಇದೆ, ಬಾಡಿ ಗಟ್ಟಿಯಾಗಿದೆ, ಎಂಜಿನ್ ಮಾತ್ರ ಸೋತಿದೆ. ಬೊಲೆರೊದ ಟರ್ಬೊ ಎಂಜಿನ್ ಕೂರುತ್ತಾ?" ಮೂಡಿಗೆರೆ, ಸಕಲೇಶಪುರ, ಸೋಮವಾರಪೇಟೆ ಕಡೆಯ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಕೂರುತ್ತದೆ. ಒಳ್ಳೆಯ ಮೆಕ್ಯಾನಿಕ್, ಪಕ್ಕದಲ್ಲೊಂದು ಲೇತ್ ಇದ್ದರೆ ಎಂಜಿನ್ ಇಳಿಸಿ ಇನ್ನೊಂದನ್ನು ಕೂರಿಸುವುದು ಈ ಕೆಲಸದ ಅತಿ ಸುಲಭದ ಭಾಗ. ಬ್ರೇಕು, ರೇಡಿಯೇಟರ್, ಗೇರ್ ರೇಷಿಯೊ, ಆರ್‌ಟಿಒ ಕಾಗದ, ಇವು ಕಷ್ಟದ ಭಾಗ. ಇವುಗಳನ್ನು "ಆಮೇಲೆ ನೋಡೋಣ" ಅಂದವರ ಜೀಪುಗಳೇ ಅರ್ಧ ಕೆಲಸವಾಗಿ ಶೆಡ್ಡಿನಲ್ಲಿ ನಿಂತಿರುವುದು. ಅದಕ್ಕೇ ಇಲ್ಲಿ ಹೇಳುವ ಕ್ರಮದಲ್ಲಿ ಎಂಜಿನ್ ಕೊಳ್ಳುವುದು ನಡುವೆ ಎಲ್ಲೋ ಬರುತ್ತದೆ, ಮೊದಲಲ್ಲಿ ಅಲ್ಲ.

ಉದಾಹರಣೆಗೆ ನಾನು ತೆಗೆದುಕೊಂಡಿರುವುದು ಮಹೀಂದ್ರದ ಹಳೆಯ ಫೋರ್ ವೀಲ್ ಜೀಪ್ ಮತ್ತು ಅದೇ ಕಂಪನಿಯ ಟರ್ಬೊ ಡೀಸೆಲ್ ಎಂಜಿನ್. ಬೇರೆ ಗಾಡಿಗಾದರೂ ಕ್ರಮ ಇದೇ.

ಟರ್ಬೊದಿಂದ ಏನು ಸಿಗುತ್ತದೆ?

ಸೈಲೆನ್ಸರ್ ಕಡೆಗೆ ಹೋಗುವ ಬಿಸಿ ಹೊಗೆ ಒಂದು ಸಣ್ಣ ಚಕ್ರವನ್ನು ತಿರುಗಿಸುತ್ತದೆ. ಅದೇ ಶಾಫ್ಟಿನ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುತ್ತದೆ. ಗಾಳಿ ಹೆಚ್ಚಿದರೆ ಹೆಚ್ಚು ಡೀಸೆಲನ್ನು ಪೂರ್ತಿಯಾಗಿ ಉರಿಸಬಹುದು. ಟರ್ಬೊ ಅಂದರೆ ಇಷ್ಟೇ. ಆ ಶಾಫ್ಟ್ ಮಾತ್ರ ನಿಮಿಷಕ್ಕೆ ಒಂದು ಲಕ್ಷ ಸುತ್ತಿಗೂ ಮೀರಿ ತಿರುಗುತ್ತದೆ, ತೆಳುವಾದ ಎಣ್ಣೆಯ ಪದರದ ಮೇಲೆ ತೇಲುತ್ತಾ. ಮುಂದೆ ನಾನು ಎಣ್ಣೆಯ ಬಗ್ಗೆ ಪದೇ ಪದೇ ಹೇಳುವುದು ಈ ಕಾರಣಕ್ಕೆ.

ಅಂಕಿಗಳನ್ನು ನೋಡಿ. ಎಂಎಂ 540ರಲ್ಲಿ ಬಂದ ಪ್ಯೂಜೊ ಎಕ್ಸ್‌ಡಿಪಿ 4.90 ಎಂಜಿನ್ 2112 ಸಿಸಿಯದು. ಶಕ್ತಿ ಸುಮಾರು 62 ಎಚ್‌ಪಿ, ಅದೂ 4500 ಆರ್‌ಪಿಎಂನಲ್ಲಿ. ಟಾರ್ಕ್, ಅಂದರೆ ಎಳೆಯುವ ಬಲ, ಸುಮಾರು 120 ನ್ಯೂಟನ್ ಮೀಟರ್. 2010ರಲ್ಲಿ ಬಂದ ಥಾರ್ ಡಿಐ (ಡಿಐ ಅಂದರೆ ಡೀಸೆಲನ್ನು ನೇರ ಸಿಲಿಂಡರಿಗೇ ಚಿಮ್ಮಿಸುವ ಬಗೆ) ಜೀಪಿನ 2523 ಸಿಸಿ ಟರ್ಬೊ ಎಂಜಿನ್ನಿನದೂ 63 ಎಚ್‌ಪಿಯೇ. ಆದರೆ ಅದು 3200 ಆರ್‌ಪಿಎಂನಲ್ಲೇ ಬರುತ್ತದೆ, ಟಾರ್ಕ್ 182.5 ನ್ಯೂಟನ್ ಮೀಟರ್, 1500ರಿಂದ 1800 ಆರ್‌ಪಿಎಂ ನಡುವೆ. ಎಚ್‌ಪಿ ಅಲ್ಲೇ ನಿಂತಿದೆ, ಎಳೆತ ಒಂದೂವರೆ ಪಟ್ಟಾಗಿದೆ. ಚಾರ್ಮಾಡಿ ಘಾಟಿಯ ತಿರುವಿನಲ್ಲಿ ಎರಡನೇ ಗೇರಿಗೆ ಇಳಿಸದೆ ಮೂರರಲ್ಲೇ ಹತ್ತುವುದು ಸಾಧ್ಯವಾಗುವುದು ಈ ಎಳೆತದಿಂದ. ಇನ್ನೊಂದು ಲಾಭ ಎತ್ತರದ ಊರಿನವರಿಗೆ. ಟರ್ಬೊ ಇಲ್ಲದ ಎಂಜಿನ್ ಪ್ರತಿ ಸಾವಿರ ಮೀಟರ್ ಏರಿದಂತೆ ಸುಮಾರು ಶೇ. 10ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಮಡಿಕೇರಿಯಂಥ ಕಡೆ ಟರ್ಬೊ ಆ ನಷ್ಟವನ್ನು ಬಹುಮಟ್ಟಿಗೆ ತುಂಬಿಕೊಡುತ್ತದೆ.

ಹೆದ್ದಾರಿಯಲ್ಲಿ ವೇಗವಾಗಿ ಓಡಿಸುವ ಆಸೆಯಿಂದ ಇದಕ್ಕೆ ಕೈ ಹಾಕುವವರಿಗೆ ಬೇಡ ಅನ್ನುತ್ತೇನೆ. ಹಳೆಯ ಜೀಪಿನ ಸ್ಟೇರಿಂಗ್, ಪಾಟಾ (ಪಟ್ಟಿ ಸ್ಪ್ರಿಂಗ್), ಚಾಸಿಸ್ ಆ ವೇಗಕ್ಕೆ ಆದದ್ದಲ್ಲ.

ಹಂತ 1: ಮೊದಲು ಆರ್‌ಟಿಒ

ಇದನ್ನು ಬಿಟ್ಟು ಮುಂದೆ ಓದಬೇಡಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಕಂಪನಿ ಮೂಲತಃ ಕೊಟ್ಟ ವಿವರಕ್ಕೂ ಆರ್‌ಸಿಯಲ್ಲಿರುವ ವಿವರಕ್ಕೂ ತಾಳೆಯಾಗದಂತೆ ಮಾಲೀಕರು ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಬಿಗಿಯಾಗಿ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಸೆಕ್ಷನ್ ಪ್ರಕಾರ, ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು.

ಹಾಗಾದರೆ ದಾರಿ ಏನು? ಹಾಳಾದ ಎಂಜಿನ್ನಿನ ಜಾಗಕ್ಕೆ ಅದೇ ಕಂಪನಿಯ ಅದೇ ಬಗೆಯ ಎಂಜಿನ್ ಹಾಕಲು ಆರ್‌ಟಿಒ ಅನುಮತಿ ಕೇಳುವುದು ಎಲ್ಲರಿಗೂ ಗೊತ್ತಿರುವ ಕ್ರಮ. ಟರ್ಬೊ ಇಲ್ಲದ್ದಕ್ಕೆ ಟರ್ಬೊ ಇರುವುದು, 2112 ಸಿಸಿಗೆ 2523 ಸಿಸಿ ಅಂದಾಗ "ಅದೇ ಬಗೆ" ಅನ್ನುವ ಮಾತು ಎಳೆದಾಡುತ್ತದೆ. ಮೂಲದಲ್ಲೇ ಮಹೀಂದ್ರದ ಡಿಐ ಎಂಜಿನ್ ಇದ್ದ ಜೀಪಿಗೆ ಅದೇ ಕುಟುಂಬದ ಟರ್ಬೊ ಎಂಜಿನ್ ಕೇಳುವುದು ಸ್ವಲ್ಪ ಹಗುರ. ಪೆಟ್ರೋಲ್ ಜೀಪಿಗೆ ಬೇರೆ ಕಂಪನಿಯ ಟರ್ಬೊ ಡೀಸೆಲ್ ಕೇಳಿದರೆ ಸಾಮಾನ್ಯವಾಗಿ ಬಾಗಿಲು ಮುಚ್ಚಿದಂತೆಯೇ.

ನೀವು ಮಾಡಬೇಕಾದದ್ದು: ಗಾಡಿ ನೋಂದಣಿಯಾದ ಆರ್‌ಟಿಒ ಕಚೇರಿಗೆ ಹೋಗಿ, ಯಾವ ಗಾಡಿಗೆ ಯಾವ ಎಂಜಿನ್ ಎಂದು ಸ್ಪಷ್ಟವಾಗಿ ಬರೆದು ಅರ್ಜಿ ಕೊಡಿ. ಉತ್ತರವನ್ನು ಬರಹದಲ್ಲಿ ಪಡೆಯಿರಿ. "ಮಾಡ್ಕೊಂಡ್ ಬನ್ನಿ ಸಾರ್, ಆಮೇಲೆ ನೋಡೋಣ" ಅನ್ನುವ ಬಾಯಿಮಾತನ್ನು ನಂಬಿ ಎಂಜಿನ್ ಕೊಳ್ಳಬೇಡಿ. ಏಜೆಂಟರು ಕೊಡುವ ಭರವಸೆಗೂ ಇದೇ ಮಾತು. ಹದಿನೈದು ವರ್ಷ ದಾಟಿದ ಖಾಸಗಿ ಗಾಡಿಯ ಆರ್‌ಸಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕು. ಆಗ ಇನ್‌ಸ್ಪೆಕ್ಟರ್ ಬಾನೆಟ್ ಎತ್ತಿ ಎಂಜಿನ್ ನಂಬರ್ ನೋಡುತ್ತಾರೆ. ಮುಚ್ಚಿಟ್ಟದ್ದು ಅಲ್ಲಿ ಹೊರಬೀಳುತ್ತದೆ. ಅಪಘಾತವಾದರೆ ಇನ್ನೂ ಕೆಟ್ಟದು. ವಿಮಾ ಕಂಪನಿಗೆ ತಿಳಿಸದೆ ಎಂಜಿನ್ ಬದಲಿಸಿದ್ದರೆ ವಿಮೆಯ ಹಣ ಸಿಗದೆ ಹೋಗಬಹುದು, ಎದುರಿನವರ ಪರಿಹಾರದ ಹೊರೆ ನಿಮ್ಮ ಆಸ್ತಿಯ ಮೇಲೆ ಬರಬಹುದು.

ಅನುಮತಿ ಸಿಗದಿದ್ದರೆ ಎರಡೇ ಆಯ್ಕೆ. ಮೂಲ ಎಂಜಿನ್ನನ್ನೇ ಬೋರ್ ಮಾಡಿಸಿ, ಪಂಪ್ ಮತ್ತು ನಾಝಲ್ ಸರಿಮಾಡಿಸಿ ಹೊಸದರಂತೆ ಮಾಡಿಕೊಳ್ಳುವುದು ಒಂದು. ಗಾಡಿಯನ್ನು ಸಾರ್ವಜನಿಕ ರಸ್ತೆಗೆ ಇಳಿಸದೆ ಸ್ವಂತ ಎಸ್ಟೇಟಿನೊಳಗೆ ಮಾತ್ರ ಬಳಸುವುದು ಇನ್ನೊಂದು. ಒಳ್ಳೆಯ ರೀಬೋರ್ ಆದ ಪ್ಯೂಜೊ ಎಂಜಿನ್ ಇನ್ನೂ ಬಹಳ ವರ್ಷ ದುಡಿಯುತ್ತದೆ. ಆ ದಾರಿಯನ್ನು ಕೀಳಾಗಿ ಕಾಣಬೇಡಿ.

ಹಂತ 2: ಗಾಡಿಯ ಲೆಕ್ಕ ತೆಗೆಯಿರಿ

ಟೇಪು, ನೋಟ್‌ಬುಕ್ಕು ಹಿಡಿದು ಬಾನೆಟ್ ಎತ್ತಿ. ರೇಡಿಯೇಟರಿನಿಂದ ಹಿಂದಿನ ತಗಡಿನವರೆಗೆ, ಎರಡು ಚಾಸಿಸ್ ಪಟ್ಟಿಗಳ ನಡುವೆ, ಸ್ಟೇರಿಂಗ್ ಬಾಕ್ಸಿನಿಂದ ಎಂಜಿನ್ ಬದಿಗೆ, ಬಾನೆಟ್ಟಿನಿಂದ ಟ್ಯಾಪೆಟ್ ಕವರಿಗೆ ಎಷ್ಟೆಷ್ಟು ಜಾಗ ಇದೆ ಎಂದು ಬರೆದುಕೊಳ್ಳಿ. ಹೊಸ ಎಂಜಿನ್ನಿಗೆ ಟರ್ಬೊ ಯಾವ ಬದಿಯಲ್ಲಿದೆ ಅನ್ನುವುದು ಮುಖ್ಯ. ಸ್ಟೇರಿಂಗ್ ಬಾಕ್ಸಿನ ಕಡೆಗೇ ಬಂದರೆ ಬಿಸಿ ಪೈಪು ಹೋಗಲು ದಾರಿ ಸಿಗುವುದಿಲ್ಲ.

ಚಾಸಿಸ್ಸನ್ನು ಕಬ್ಬಿಣದ ಬ್ರಷ್ಷಿನಿಂದ ಉಜ್ಜಿ ನೋಡಿ. ಮಲೆನಾಡಿನ ಜೀಪುಗಳಲ್ಲಿ ಪಾಟಾ ಶ್ಯಾಕಲ್ ಹತ್ತಿರ, ಎಂಜಿನ್ ಮೌಂಟಿಂಗ್ ಹತ್ತಿರ ತುಕ್ಕು ಒಳಗಿಂದ ತಿಂದಿರುತ್ತದೆ. ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದಾಗ ಟಣ್ ಅನ್ನದೆ ಮಂದವಾಗಿ ಸದ್ದು ಬಂದ ಜಾಗ ಪೊಳ್ಳು. ಆ ಚಾಸಿಸ್ಸಿಗೆ ಹೆಚ್ಚಿನ ಟಾರ್ಕ್ ಕೊಡುವ ಮೊದಲು ಅದನ್ನು ಸರಿಪಡಿಸಬೇಕು.

ಆಮೇಲೆ ಕ್ರೌನ್ ಪಿನಿಯನ್ ರೇಷಿಯೊ, ಅಂದರೆ ಚಕ್ರ ಒಂದು ಸುತ್ತು ತಿರುಗಲು ಪ್ರಪೆಲ್ಲರ್ ಶಾಫ್ಟ್ (ಗೇರ್ ಕಡೆಯಿಂದ ಚಕ್ರಗಳ ಕಡೆಗೆ ಬಲ ಒಯ್ಯುವ ಉದ್ದನೆಯ ಶಾಫ್ಟ್) ಎಷ್ಟು ಸುತ್ತು ತಿರುಗಬೇಕು ಅನ್ನುವುದು. ಅಳೆಯುವುದು ಸುಲಭ. ಗೇರ್ ನ್ಯೂಟ್ರಲ್ಲಿಗೆ ತನ್ನಿ, ಮುಂದಿನ ಚಕ್ರಗಳಿಗೆ ಕಲ್ಲು ಕೊಡಿ. ಹಿಂದಿನ ಒಂದು ಚಕ್ರ ನೆಲದಲ್ಲೇ ಇರಲಿ, ಇನ್ನೊಂದನ್ನು ಜಾಕ್ ಹಾಕಿ ಎತ್ತಿ ಅಡಿಗೆ ಸ್ಟ್ಯಾಂಡ್ ಇಡಿ, ಹ್ಯಾಂಡ್ ಬ್ರೇಕ್ ಬಿಡಿ. ಎತ್ತಿದ ಚಕ್ರವನ್ನು ಸರಿಯಾಗಿ ಎರಡು ಸುತ್ತು ತಿರುಗಿಸಿ. ಅಷ್ಟರಲ್ಲಿ ಶಾಫ್ಟ್ ಎಷ್ಟು ಸುತ್ತು ತಿರುಗಿತೋ ಅದೇ ನಿಮ್ಮ ರೇಷಿಯೊ. ಹಳೆಯ ಜೀಪುಗಳಲ್ಲಿ 5.38 ಸಾಮಾನ್ಯ.

ಇದರಿಂದ ಏನು ಗೊತ್ತಾಗುತ್ತದೆ? 6.00-16 ಟಯರು ಒಂದು ಸುತ್ತಿಗೆ ಸುಮಾರು 2.2 ಮೀಟರ್ ಸಾಗುತ್ತದೆ. ಎಂಜಿನ್ 3000 ಆರ್‌ಪಿಎಂನಲ್ಲಿದ್ದು, ನಾಲ್ಕನೇ ಗೇರಿನಲ್ಲಿ ಎಂಜಿನ್ನಿನಷ್ಟೇ ಸುತ್ತು ಶಾಫ್ಟೂ ತಿರುಗುವಂತಿದ್ದರೆ (ನೇರ ಗೇರ್) ಚಕ್ರ ನಿಮಿಷಕ್ಕೆ 3000 ಭಾಗಿಸು 5.38, ಅಂದರೆ ಸುಮಾರು 558 ಸುತ್ತು. ಲೆಕ್ಕ ಹಾಕಿದರೆ ಗಂಟೆಗೆ 74 ಕಿಲೋಮೀಟರ್ ಹತ್ತಿರ. 4500ರವರೆಗೆ ತಿರುಗುವ ಪ್ಯೂಜೊಗೆ ಈ ರೇಷಿಯೊ ಸರಿ. 3200ಕ್ಕೇ ಪೂರ್ತಿ ಶಕ್ತಿ ಕೊಟ್ಟು ಮುಗಿಸುವ ಡಿಐ ಎಂಜಿನ್ನಿಗೆ ಜೀಪು ರಸ್ತೆಯಲ್ಲಿ ಅರಚಿಕೊಂಡೇ ಓಡುತ್ತದೆ. 4.27ರ ಕ್ರೌನ್ ಪಿನಿಯನ್ ಹಾಕಿದರೆ ಅದೇ 3000ಕ್ಕೆ 93 ಕಿಲೋಮೀಟರ್ ಹತ್ತಿರ ಸಿಗುತ್ತದೆ. ಅಥವಾ ಓವರ್‌ಡ್ರೈವ್, ಅಂದರೆ ಎಂಜಿನ್ನಿಗಿಂತ ಶಾಫ್ಟ್ ವೇಗವಾಗಿ ತಿರುಗುವ ಗೇರ್, ಇರುವ ಐದು ಗೇರಿನ ಬಾಕ್ಸ್ ಹಾಕಬೇಕು.

ಇಲ್ಲಿ ಎಲ್ಲರೂ ಎಡವುವ ಒಂದು ಕಲ್ಲಿದೆ. ಹಿಂದಿನ ಹೌಸಿಂಗಿನ (ಎರಡು ಚಕ್ರಗಳ ನಡುವಿನ ಆಕ್ಸಲ್ ಕವಚದ) ಕ್ರೌನ್ ಪಿನಿಯನ್ ಬದಲಿಸಿ ಮುಂದಿನದನ್ನು ಹಾಗೇ ಬಿಟ್ಟರೆ, ಫೋರ್ ವೀಲ್ ಹಾಕಿದ ಕ್ಷಣ ಎರಡು ಹೌಸಿಂಗ್‌ಗಳೂ ಒಂದಕ್ಕೊಂದು ಜಗ್ಗಾಡಿ ಟ್ರಾನ್ಸ್‌ಫರ್ ಕೇಸ್, ಅಂದರೆ ಮುಂದಿನ ಹಿಂದಿನ ಚಕ್ರಗಳಿಗೆ ಬಲ ಹಂಚುವ ಗೇರ್ ಪೆಟ್ಟಿಗೆ, ಒಡೆಯಬಹುದು. ಎರಡೂ ಕಡೆ ಒಂದೇ ರೇಷಿಯೊ ಇರಲೇಬೇಕು.

ಹಂತ 3: ಬ್ರೇಕ್, ಎಂಜಿನ್ ಬರುವ ಮೊದಲೇ

ಹಳೆಯ ಜೀಪುಗಳಲ್ಲಿ ನಾಲ್ಕೂ ಕಡೆ ಡ್ರಮ್, ಬಹಳಷ್ಟರಲ್ಲಿ ಪೆಡಲ್ ಒತ್ತಿದ ಬಲವನ್ನು ಹೆಚ್ಚಿಸುವ ಬೂಸ್ಟರ್ ಇಲ್ಲ, ಮಾಸ್ಟರ್ ಸಿಲಿಂಡರ್ ಒಂದೇ ಲೈನಿನದು. ಒಂದು ಕಡೆ ಪೈಪ್ ಸೋರಿದರೆ ನಾಲ್ಕೂ ಚಕ್ರದ ಬ್ರೇಕ್ ಹೋಗುತ್ತದೆ. ಹೆಚ್ಚು ಎಳೆತದ ಎಂಜಿನ್ ಹಾಕುವವರು ಮೊದಲು ಎರಡು ಲೈನಿನ ಮಾಸ್ಟರ್ ಸಿಲಿಂಡರ್, ಬೂಸ್ಟರ್, ಸಾಧ್ಯವಾದರೆ ಮುಂದೆ ಡಿಸ್ಕ್ ಹಾಕಿಸಿಕೊಳ್ಳಿ. ಇದನ್ನೂ ಆರ್‌ಟಿಒ ಅರ್ಜಿಯಲ್ಲೇ ಸೇರಿಸಿ.

ಬೂಸ್ಟರಿಗೆ ನಿರ್ವಾತ ಬೇಕು. ಪೆಟ್ರೋಲ್ ಎಂಜಿನ್ನಿನಲ್ಲಿ ಅದು ತಾನಾಗಿ ಸಿಗುತ್ತದೆ, ಡೀಸೆಲಿನಲ್ಲಿ ಸಿಗುವುದಿಲ್ಲ. ಅದಕ್ಕೊಂದು ವ್ಯಾಕ್ಯೂಮ್ ಪಂಪ್ ಇರುತ್ತದೆ, ಸಾಮಾನ್ಯವಾಗಿ ಡೈನಮೋದ ಬೆನ್ನಿಗೇ ಅಂಟಿಕೊಂಡು. ಗುಜರಿಯಲ್ಲಿ ಎಂಜಿನ್ ಕೊಳ್ಳುವಾಗ ಡೈನಮೋ ಬಿಟ್ಟು ಬಂದರೆ ಬ್ರೇಕನ್ನೇ ಬಿಟ್ಟು ಬಂದ ಹಾಗೆ.

ಹಂತ 4: ಯಾವ ಎಂಜಿನ್, ಹೇಗೆ ನೋಡಿ ಕೊಳ್ಳುವುದು

ಎರಡು ಬಗೆ ಇವೆ. ಮೊದಲನೆಯದು ಮೆಕ್ಯಾನಿಕಲ್ ಪಂಪಿನದು. ಡೀಸೆಲನ್ನು ಎಷ್ಟು, ಯಾವಾಗ ಬಿಡಬೇಕು ಅನ್ನುವುದನ್ನು ಗೇರಿನಿಂದ ತಿರುಗುವ ಪಂಪೇ ನಿರ್ಧರಿಸುತ್ತದೆ. ಸ್ಟಾಪ್ ಸೊಲೆನಾಯ್ಡಿಗೆ, ಅಂದರೆ ಕೀ ತೆಗೆದಾಗ ಡೀಸೆಲ್ ಕಡಿಯುವ ಸ್ವಿಚ್ಚಿಗೆ ಒಂದು ವೈರು, ಹೀಟರ್‌ಗೆ ಒಂದು, ಸೆಲ್ಫಿಗೆ ಒಂದು, ಹೆಚ್ಚುಕಡಿಮೆ ಅಷ್ಟರಲ್ಲಿ ಎಂಜಿನ್ ಓಡುತ್ತದೆ. ಎರಡನೆಯದು ಕಾಮನ್ ರೇಲ್, ನಮ್ಮ ಕಡೆ ಸಿಆರ್‌ಡಿಇ ಅನ್ನುವುದು. ಬಹಳ ಹೆಚ್ಚಿನ ಒತ್ತಡದ ಡೀಸೆಲ್ ಒಂದು ಕೊಳವೆಯಲ್ಲಿ ಸಿದ್ಧವಾಗಿರುತ್ತದೆ, ಇಸಿಯು ಅನ್ನುವ ಕಂಪ್ಯೂಟರ್ ಹೇಳಿದಾಗ ಇಂಜೆಕ್ಟರ್ ತೆರೆಯುತ್ತದೆ. ಥಾರ್ ಸಿಆರ್‌ಡಿಇಯ 2498 ಸಿಸಿ ಎಂಜಿನ್ 105 ಎಚ್‌ಪಿ, 247 ನ್ಯೂಟನ್ ಮೀಟರ್ ಕೊಡುತ್ತದೆ. ಕೇಳಲು ಆಸೆಯಾಗುತ್ತದೆ. ಆದರೆ ಹಳೆಯ ಜೀಪಿನ ಗೇರ್‌ಬಾಕ್ಸ್, ಜಾಯಿಂಟ್, ಆಕ್ಸಲ್ ಶಾಫ್ಟುಗಳ ಮೇಲೆ ಎರಡು ಪಟ್ಟು ಹೊರೆ ಬೀಳುತ್ತದೆ. ಲೋ ರೇಂಜಿನಲ್ಲಿ, ಅಂದರೆ ಎಳೆತ ಹೆಚ್ಚಿಸುವ ನಿಧಾನದ ಫೋರ್ ವೀಲ್ ಗೇರಿನಲ್ಲಿ, ಕೆಸರಿಗೆ ಇಳಿದಾಗ ಆ ಹೊರೆ ಎಷ್ಟೋ ಪಟ್ಟು ಹಿಗ್ಗುತ್ತದೆ. ಮೊದಲ ಬಾರಿ ಮಾಡುವವರಿಗೆ, ಅದರಲ್ಲೂ ಎಸ್ಟೇಟ್ ಕೆಲಸಕ್ಕೆ, ನನ್ನ ಸಲಹೆ ಮೆಕ್ಯಾನಿಕಲ್ ಪಂಪಿನ ಡಿಐ ಟರ್ಬೊ. ಕೆಟ್ಟರೆ ಊರಿನ ಮೆಕ್ಯಾನಿಕ್ಕೇ ಸರಿಮಾಡುತ್ತಾರೆ.

ಎಂಜಿನ್ ಹೆಸರಿನ ಕೊನೆಯಲ್ಲಿ ಟಿಸಿ ಅಂತಿದ್ದರೆ ಟರ್ಬೊ ಮಾತ್ರ. ಟಿಸಿಐ ಅಂತಿದ್ದರೆ ಇಂಟರ್‌ಕೂಲರ್ ಕೂಡ ಉಂಟು. ಒತ್ತಿದ ಗಾಳಿ ಬಿಸಿಯಾಗುತ್ತದೆ, ಅದನ್ನು ತಣಿಸುವ ಸಣ್ಣ ರೇಡಿಯೇಟರೇ ಇಂಟರ್‌ಕೂಲರ್. ಅದಕ್ಕೆ ಗಾಳಿ ತಾಗುವ ಜಾಗ ಜೀಪಿನ ಮೂತಿಯಲ್ಲಿ ಇದೆಯೇ ಎಂದು ಹಂತ 2ರ ಅಳತೆಯಲ್ಲೇ ನೋಡಿಕೊಳ್ಳಿ.

ಬೆಂಗಳೂರಿನ ಶಿವಾಜಿನಗರದ ಗುಜರಿಯಾಗಲಿ, ನಿಮ್ಮ ಜಿಲ್ಲೆಯ ಹಳೇ ಸಾಮಾನಿನ ಅಂಗಡಿಯಾಗಲಿ, ಮೊದಲು ಕೇಳಬೇಕಾದ್ದು ಕಾಗದ. ಎಂಜಿನ್ ಬಂದ ಗಾಡಿಯ ಆರ್‌ಸಿ ನಕಲು, ಎಂಜಿನ್ ನಂಬರ್ ಬರೆದ ಬಿಲ್ಲು. ಬ್ಲಾಕಿನ ಮೇಲಿನ ನಂಬರಿನ ಸುತ್ತ ಉಜ್ಜಿದ, ಮತ್ತೆ ಕೊರೆದ ಗುರುತು ಕಂಡರೆ ಬೆಲೆ ಎಷ್ಟೇ ಕಡಿಮೆಯಿದ್ದರೂ ಹೊರಟುಬಿಡಿ.

ಎಂಜಿನ್ ಓಡಿಸಿ ತೋರಿಸಿದರೆ ಒಳ್ಳೆಯದು. ಎಣ್ಣೆ ಹಾಕುವ ಮುಚ್ಚಳ ತೆಗೆದು ಬ್ಯಾಕ್ ಕಂಪ್ರೆಷನ್ ನೋಡಿ. ಹೊಗೆ ಉಸಿರಿನಂತೆ ಸಣ್ಣಗೆ ಬಂದರೆ ಪರವಾಗಿಲ್ಲ, ಬುಸುಬುಸು ಎಂದು ಉಗುಳಿದರೆ ರಿಂಗು ಸವೆದಿದೆ. ಮುಚ್ಚಳದ ಒಳಗೆ ಹಾಲುಬಣ್ಣದ ಜಿಡ್ಡು ಕಂಡರೆ ಎಣ್ಣೆಗೆ ನೀರು ಸೇರಿದೆ. ಕಂಪ್ರೆಷನ್ ಗೇಜ್ ಹಾಕಿ ನಾಲ್ಕು ಸಿಲಿಂಡರಿನ ಅಂಕಿ ಬರೆದುಕೊಳ್ಳಿ. ಒಂದಕ್ಕೂ ಇನ್ನೊಂದಕ್ಕೂ ಶೇ. 10ಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಎಂಜಿನ್ ಬಿಚ್ಚಿಸುವ ಖರ್ಚನ್ನೂ ಬೆಲೆಗೆ ಸೇರಿಸಿ ಯೋಚಿಸಿ.

ಇನ್ನು ಟರ್ಬೊ. ಗಾಳಿ ಬರುವ ಕಡೆಯ ಹೋಸ್ ಬಿಚ್ಚಿ ಒಳಗೆ ಟಾರ್ಚ್ ಬಿಡಿ. ರೆಕ್ಕೆಗಳ ತುದಿ ಚೂಪಾಗಿ, ನಯವಾಗಿ ಇರಬೇಕು. ಬಾಗಿದ್ದರೆ, ಚಿಪ್ಪೆದ್ದಿದ್ದರೆ ಹಿಂದೆ ಯಾರೋ ಏರ್ ಫಿಲ್ಟರ್ ಇಲ್ಲದೆ ಓಡಿಸಿದ್ದಾರೆ. ಶಾಫ್ಟಿನ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ಅಲುಗಿಸಿ. ಅಡ್ಡಕ್ಕೆ ಸ್ವಲ್ಪ ಅಲುಗುವುದು ಸಹಜ, ಎಣ್ಣೆಯ ಪದರಕ್ಕೆ ಬಿಟ್ಟ ಜಾಗ ಅದು. ಅಲುಗಿಸಿದಾಗ ರೆಕ್ಕೆ ಗೋಡೆಗೆ ತಾಗಬಾರದು. ಉದ್ದಕ್ಕೆ, ಅಂದರೆ ಒಳಗೆ ಹೊರಗೆ, ಕೈಗೆ ತಿಳಿಯುವಷ್ಟು ಆಟ ಇರಲೇಬಾರದು. ಪೈಪಿನೊಳಗೆ ಬೆರಳಿಗೆ ಅಂಟುವಷ್ಟು ಎಣ್ಣೆ ಜಿಡ್ಡಿದ್ದರೆ ಚಿಂತೆಯಿಲ್ಲ. ಎಣ್ಣೆ ನಿಂತಿದ್ದರೆ ಆ ಟರ್ಬೊ ರಿಪೇರಿಗೆ ಹೋಗಬೇಕು.

ಕೊಳ್ಳುವಾಗ ಎಂಜಿನ್ನೊಂದನ್ನೇ ಕೊಳ್ಳಬೇಡಿ. ಬೆಲ್ ಹೌಸಿಂಗ್, ಫ್ಲೈವೀಲ್, ಕ್ಲಚ್, ಸೆಲ್ಫ್, ಡೈನಮೋ, ಮೌಂಟಿಂಗ್ ರಬ್ಬರ್ ಮತ್ತು ಬ್ರಾಕೆಟ್, ಟರ್ಬೊದ ಎಣ್ಣೆ ಪೈಪುಗಳು, ಏರ್ ಫಿಲ್ಟರ್ ಡಬ್ಬ, ಟರ್ಬೊದಿಂದ ಇಳಿಯುವ ಸೈಲೆನ್ಸರ್ ಪೈಪ್, ಫ್ಯಾನ್, ರೇಡಿಯೇಟರ್, ಎಲ್ಲವೂ ಅದೇ ಗಾಡಿಯದ್ದು ಇರಲಿ. ಕಾಮನ್ ರೇಲ್ ಆದರೆ ಇಸಿಯು, ಪೂರ್ತಿ ವೈರಿಂಗ್, ಆಕ್ಸಿಲರೇಟರ್ ಪೆಡಲ್, ಕಳ್ಳತನ ತಡೆಯುವ ಇಮೊಬಿಲೈಸರ್ ಇದ್ದರೆ ಅದರ ಬಾಕ್ಸ್ ಮತ್ತು ಅದೇ ಕೀ. ಆ ಕೀ ಇಲ್ಲದೆ ಇಸಿಯು ಎಂಜಿನ್ನನ್ನು ಏಳಲು ಬಿಡುವುದಿಲ್ಲ. ಒಂದೊಂದೇ ಬಿಡಿಭಾಗವನ್ನು ಆಮೇಲೆ ಹುಡುಕಿಕೊಂಡು ಹೋದರೆ ಎಂಜಿನ್ನಿನ ಬೆಲೆಯನ್ನೂ ಮೀರುತ್ತದೆ.

ಹಂತ 5: ಗೇರ್‌ಬಾಕ್ಸ್

ರಸ್ತೆಯಲ್ಲಿ ಕಾಣುವ ಬೊಲೆರೊಗಳಲ್ಲಿ ಹೆಚ್ಚಿನವು ಟೂ ವೀಲ್ ಡ್ರೈವ್. ಅವುಗಳ ಗೇರ್‌ಬಾಕ್ಸಿಗೆ ಟ್ರಾನ್ಸ್‌ಫರ್ ಕೇಸ್ ಇರುವುದಿಲ್ಲ. ಫೋರ್ ವೀಲ್ ಉಳಿಸಿಕೊಳ್ಳಬೇಕಾದರೆ ಫೋರ್ ವೀಲ್ ಗಾಡಿಯ ಗೇರ್‌ಬಾಕ್ಸನ್ನೇ ಹುಡುಕಬೇಕು, ಅಥವಾ ನಿಮ್ಮ ಹಳೆಯ ಬಾಕ್ಸಿಗೆ ಹೊಸ ಎಂಜಿನ್ನನ್ನು ಜೋಡಿಸುವ ಅಡಾಪ್ಟರ್ ಪ್ಲೇಟ್ ಮಾಡಿಸಬೇಕು.

ಪ್ಲೇಟ್ ಮಾಡಿಸುವವರು ಡಯಲ್ ಗೇಜ್ ಇಟ್ಟು ಅಳೆಯುವ ಲೇತಿನವರನ್ನೇ ಹಿಡಿಯಿರಿ. ಕ್ರ್ಯಾಂಕಿನ ನಡುಮಧ್ಯಕ್ಕೂ ಗೇರ್‌ಬಾಕ್ಸ್ ಶಾಫ್ಟಿನ ನಡುಮಧ್ಯಕ್ಕೂ ಕೂದಲೆಳೆಯಷ್ಟೇ ವ್ಯತ್ಯಾಸ ಇರಬಹುದು. ಗೇಜ್ ಪೂರ್ತಿ ಒಂದು ಸುತ್ತಿಗೆ 0.13 ಮಿಲಿಮೀಟರಿಗಿಂತ ಹೆಚ್ಚು ತೋರಿಸಬಾರದು. "ಬೋಲ್ಟ್ ಕೂತಿತು, ಸಾಕು" ಅಂದುಕೊಂಡ ಕಡೆ ಮೂರು ತಿಂಗಳಲ್ಲಿ ಪೈಲಟ್ ಬೇರಿಂಗ್ (ಕ್ರ್ಯಾಂಕಿನ ತುದಿಯಲ್ಲಿ ಗೇರ್‌ಬಾಕ್ಸ್ ಶಾಫ್ಟನ್ನು ಹಿಡಿದಿಡುವ ಬೇರಿಂಗ್) ಹೋಗುತ್ತದೆ, ಆಮೇಲೆ ಗೇರ್ ಜಾರಲು ಶುರುವಾಗುತ್ತದೆ.

ಗೇರ್‌ಬಾಕ್ಸಿನ ಉದ್ದ ಬದಲಾದರೆ ಪ್ರಪೆಲ್ಲರ್ ಶಾಫ್ಟುಗಳ ಉದ್ದವೂ ಬದಲಾಗುತ್ತದೆ. ಕತ್ತರಿಸಿ ಬೆಸೆಯುವಾಗ ಎರಡು ತುದಿಯ ಜಾಯಿಂಟ್‌ಗಳು ಒಂದೇ ನೇರದಲ್ಲಿ ನಿಲ್ಲಬೇಕು, ಆಮೇಲೆ ಬ್ಯಾಲೆನ್ಸ್ ಮಾಡಿಸಬೇಕು.

ಹಂತ 6: ಎಂಜಿನ್ ಕೂರಿಸುವುದು

ಮೌಂಟಿಂಗ್ ಬ್ರಾಕೆಟ್ಟುಗಳನ್ನು ಮೊದಲು ಚುಕ್ಕೆ ವೆಲ್ಡಿಂಗ್ ಮಾತ್ರ ಮಾಡಿಸಿ. ಬ್ಯಾಟರಿ ಬಿಚ್ಚಿಟ್ಟು, ಇಸಿಯು ಇದ್ದರೆ ಅದರ ಕನೆಕ್ಟರನ್ನೂ ತೆಗೆದಿಟ್ಟು ವೆಲ್ಡಿಂಗ್ ಮಾಡಬೇಕು. ರೇಡಿಯೇಟರ್, ಸ್ಟೇರಿಂಗ್, ಸೈಲೆನ್ಸರ್, ಗೇರ್ ಲಿವರ್ ಎಲ್ಲವೂ ಜಾಗಕ್ಕೆ ಬಂದ ಮೇಲೆಯೇ ಪೂರ್ತಿ ವೆಲ್ಡಿಂಗ್.

ಇನ್ನೊಂದು ಅಡ್ಡಿ ಎಂಜಿನ್ನಿನ ಚೇಂಬರ್, ಅಂದರೆ ಅಡಿಯ ಎಣ್ಣೆ ತೊಟ್ಟಿ. ಬೊಲೆರೊ, ಥಾರ್ ಸಿಆರ್‌ಡಿಇಗಳ ಮುಂದಿನ ಚಕ್ರಗಳು ಬೇರೆ ಬೇರೆಯಾಗಿ ಆಡುತ್ತವೆ. ನಿಮ್ಮ ಜೀಪಿಗೆ ಪಾಟಾದ ಮೇಲೆ ಕೂತ ಗಟ್ಟಿ ಹೌಸಿಂಗ್. ಗುಂಡಿಗೆ ಬಿದ್ದಾಗ ಆ ಹೌಸಿಂಗ್ ಪೂರ್ತಿ ಮೇಲೆದ್ದು ಚೇಂಬರಿಗೆ ಗುದ್ದಬಹುದು. ಗಾಡಿ ನಿಂತಿರುವಾಗ ಮೂರು ಬೆರಳಿನಷ್ಟು ಜಾಗ ಕಾಣುತ್ತದೆ, ಸಾಕು ಅನಿಸುತ್ತದೆ, ಸಾಕಾಗುವುದಿಲ್ಲ. ಹೀಗೆ ಪರೀಕ್ಷಿಸಿ: ಕಲಸಿದ ಜೇಡಿಮಣ್ಣನ್ನು ಹೌಸಿಂಗಿನ ಉಬ್ಬಿದ ಭಾಗದ ಮೇಲೆ ದಪ್ಪಗೆ ಅಂಟಿಸಿ. ಚಾಸಿಸ್ಸಿಗೆ ಆಸರೆ ಕೊಟ್ಟು, ಹೌಸಿಂಗನ್ನು ಜಾಕಿನಿಂದ ಬಂಪ್ ಸ್ಟಾಪಿಗೆ, ಅಂದರೆ ಪಾಟಾ ಮೇಲಿನ ತಡೆ ರಬ್ಬರಿಗೆ ತಾಗುವವರೆಗೆ ಎತ್ತಿ ಇಳಿಸಿ. ಮಣ್ಣಿನಲ್ಲಿ ಚೇಂಬರಿನ ಅಚ್ಚು ಮೂಡಿದ ಜಾಗದಲ್ಲಿ ಉಳಿದ ದಪ್ಪವನ್ನು ಅಳೆಯಿರಿ. ಕನಿಷ್ಠ ಎರಡು ಸೆಂಟಿಮೀಟರ್ ಉಳಿಯಬೇಕು. ಎಡ ಚಕ್ರ ಮಾತ್ರ, ಬಲ ಚಕ್ರ ಮಾತ್ರ ಎತ್ತಿಯೂ ನೋಡಿ. ಜಾಗ ಸಾಲದಿದ್ದರೆ ಡಿಐ ಎಂಜಿನ್ ಇದ್ದ ಹಳೆಯ ಜೀಪುಗಳ ಚೇಂಬರ್ ಹೊಂದುತ್ತದೆಯೇ ನೋಡಿ. ಇಲ್ಲವಾದರೆ ಚೇಂಬರನ್ನು ತಗ್ಗಿಸಿ ಬೆಸೆಯಬೇಕು, ಜೊತೆಗೆ ಎಣ್ಣೆ ಹೀರುವ ಕೊಳವೆಯನ್ನೂ ಅದಕ್ಕೆ ತಕ್ಕಂತೆ ಬದಲಿಸಬೇಕು.

ಹಂತ 7: ಟರ್ಬೊಗೆ ಬೇಕಾದದ್ದು

ಎಣ್ಣೆ ಬರುವ ಸಣ್ಣ ಪೈಪನ್ನು ಹೊಸದಾಗಿಯೇ ಹಾಕಿ. ಹಳೆಯದರೊಳಗೆ ಇದ್ದಿಲಾದ ಎಣ್ಣೆ ಕಟ್ಟಿರುತ್ತದೆ. ಅದರ ಜೋಡಣೆಗೆ ಸಿಲಿಕಾನ್ ಪೇಸ್ಟ್ ಬಳಿಯಬೇಡಿ. ಅದರ ಚೂರೊಂದು ಒಳಗೆ ಹೋದರೆ ಎಣ್ಣೆಯ ದಾರಿ ಮುಚ್ಚಿ ಟರ್ಬೊ ನಿಮಿಷಗಳಲ್ಲಿ ಸುಟ್ಟುಹೋಗುತ್ತದೆ. ಎಣ್ಣೆ ಇಳಿದು ಹೋಗುವ ಪೈಪ್ ದಪ್ಪಗಿರಬೇಕು. ಎಲ್ಲೂ ತಗ್ಗಿ ಮತ್ತೆ ಏರದೆ ನೇರ ಕೆಳಮುಖವಾಗಿ ಹೋಗಿ, ಚೇಂಬರಿನಲ್ಲಿ ಎಣ್ಣೆಯ ಮಟ್ಟಕ್ಕಿಂತ ಮೇಲೆ ಸೇರಬೇಕು. ಆ ಎಣ್ಣೆಯನ್ನು ತಳ್ಳುವವರು ಯಾರೂ ಇಲ್ಲ, ಅದು ತನ್ನ ಭಾರಕ್ಕೇ ಇಳಿಯಬೇಕು. ಇಳಿಯದಿದ್ದರೆ ಸೀಲ್ ದಾಟಿ ಎಂಜಿನ್ನಿನೊಳಕ್ಕೆ ಹೋಗುತ್ತದೆ, ನೀಲಿ ಹೊಗೆ ಬರುತ್ತದೆ. ಜನ ಟರ್ಬೊ ಕೆಟ್ಟಿತು ಅಂದುಕೊಂಡು ಹೊಸ ಟರ್ಬೊ ಹಾಕಿಸಿದರೂ ಹೊಗೆ ನಿಲ್ಲುವುದಿಲ್ಲ, ತಪ್ಪು ಪೈಪಿನದು.

ಟರ್ಬೊದಿಂದ ಹೊರಡುವ ಹೊಗೆ ಪೈಪ್ ಏರು ಹತ್ತುವಾಗ 600 ಡಿಗ್ರಿ ದಾಟಬಹುದು. ಬ್ರೇಕ್ ಪೈಪ್, ಕ್ಲಚ್ ಪೈಪ್, ಡೀಸೆಲ್ ಪೈಪ್, ವೈರಿಂಗ್ ಯಾವುದೂ ಅದರ ಪಕ್ಕದಲ್ಲಿ ಹಾಯಬಾರದು, ನಡುವೆ ತಗಡಿನ ಅಡ್ಡಗೋಡೆ ಇರಲಿ. ಸೈಲೆನ್ಸರಿನ ಭಾರ ಟರ್ಬೊಗೆ ನೇತಾಡದಂತೆ ಬಳಕುವ ಬೆಲ್ಲೋಸ್ ತುಂಡೊಂದನ್ನು ನಡುವೆ ಹಾಕಿ, ಪೈಪನ್ನು ಗೇರ್‌ಬಾಕ್ಸಿಗೆ ಕಟ್ಟಿ.

ರೇಡಿಯೇಟರ್ ಎಂಜಿನ್ ಬಂದ ಗಾಡಿಯದ್ದೇ ಇರಲಿ. ಫ್ಯಾನಿನ ಸುತ್ತ ಶ್ರೌಡ್, ಅಂದರೆ ಗಾಳಿಯನ್ನು ಹಿಡಿದಿಡುವ ಡಬ್ಬಿ, ಕಡ್ಡಾಯ. ನಿಧಾನವಾಗಿ ಏರು ಹತ್ತುವಾಗ ಗಾಡಿಯ ವೇಗದಿಂದ ಗಾಳಿ ಸಿಗುವುದಿಲ್ಲ, ಆಗ ಫ್ಯಾನೊಂದೇ ಗತಿ.

ಹಂತ 8: ಡೀಸೆಲ್ ಮತ್ತು ವೈರಿಂಗ್

ಹಳೆಯ ಟ್ಯಾಂಕನ್ನು ಇಳಿಸಿ, ತೊಳೆದು, ತುಕ್ಕಿದ್ದರೆ ಹೊಸದು ಮಾಡಿಸಿ. ನೀರು ಬೇರ್ಪಡಿಸುವ ಫಿಲ್ಟರ್ ಹಾಕಿ. ತುಕ್ಕಿನ ಪುಡಿ ಕಾಮನ್ ರೇಲ್ ಇಂಜೆಕ್ಟರಿಗೆ ಹೋದರೆ ಅದರ ಬೆಲೆ ತೆರಬೇಕಾಗುತ್ತದೆ. ಪಂಪಿನಿಂದ ಟ್ಯಾಂಕಿಗೆ ವಾಪಸ್ ಬರುವ ಪೈಪನ್ನು ಮರೆಯಬೇಡಿ. ಎಂಜಿನ್ನಿನಿಂದ ಚಾಸಿಸ್ಸಿಗೆ, ಚಾಸಿಸ್ಸಿನಿಂದ ಬ್ಯಾಟರಿಗೆ ದಪ್ಪ ಅರ್ಥಿಂಗ್ ಪಟ್ಟಿ ಹೊಸದು ಹಾಕಿ. ಎಣ್ಣೆ ಒತ್ತಡ ಮತ್ತು ನೀರಿನ ಬಿಸಿಗೆ ಮುಳ್ಳಿನ ಮೀಟರ್ ಇರಲಿ. ದೀಪ ಹತ್ತುವಷ್ಟರಲ್ಲಿ ತಡವಾಗಿರುತ್ತದೆ.

ಹಂತ 9: ಮೊದಲ ಸ್ಟಾರ್ಟ್

ಹೊಸ ಎಣ್ಣೆ, ಹೊಸ ಫಿಲ್ಟರ್. ಟರ್ಬೊದ ಎಣ್ಣೆ ಪೈಪ್ ಬಿಚ್ಚಿ ರಂಧ್ರಕ್ಕೆ ಸ್ವಲ್ಪ ಎಣ್ಣೆ ಸುರಿದು, ಕೈಯಿಂದ ಟರ್ಬೊದ ಚಕ್ರ ತಿರುಗಿಸಿ, ಪೈಪ್ ಮತ್ತೆ ಹಾಕಿ. ಸ್ಟಾಪ್ ಸೊಲೆನಾಯ್ಡಿನ ವೈರ್ ತೆಗೆದು, ಎಣ್ಣೆಯ ಮುಳ್ಳು ಏಳುವವರೆಗೆ ಬಿಟ್ಟು ಬಿಟ್ಟು ಸೆಲ್ಫ್ ಹೊಡೆಯಿರಿ. ಮುಳ್ಳು ಎದ್ದ ಮೇಲೆಯೇ ಸ್ಟಾರ್ಟ್.

ಒಬ್ಬರು ಏರ್ ಫಿಲ್ಟರಿನ ಬಾಯಿ ಹತ್ತಿರ ದಪ್ಪ ಹಲಗೆ ಹಿಡಿದು ನಿಂತಿರಲಿ, ಬೆಂಕಿ ನಂದಿಸುವ ಸಿಲಿಂಡರ್ ಕೈಗೆಟಕುವಂತಿರಲಿ. ಟರ್ಬೊ ಸೋರಿ ಎಣ್ಣೆ ಎಂಜಿನ್ನಿಗೆ ಹೋದರೆ ಡೀಸೆಲ್ ಎಂಜಿನ್ ಆ ಎಣ್ಣೆಯನ್ನೇ ಉರಿಸಿಕೊಂಡು, ಕೀ ತೆಗೆದರೂ ನಿಲ್ಲದೆ ತಾನಾಗಿ ರೇಸ್ ಹಿಡಿಯುತ್ತದೆ. ಆಗ ಉಳಿದ ದಾರಿ ಗಾಳಿ ಮುಚ್ಚುವುದು, ಹಲಗೆಯಿಂದ. ಕೈಯಿಂದಾಗಲಿ ಬಟ್ಟೆಯಿಂದಾಗಲಿ ಖಂಡಿತ ಬೇಡ, ಎಳೆದುಕೊಂಡುಬಿಡುತ್ತದೆ.

ಸ್ಟಾರ್ಟ್ ಆದ ಮೇಲೆ ಹತ್ತು ನಿಮಿಷ ಐಡಲಿನಲ್ಲೇ ಬಿಡಿ. ಖುಷಿಗೆ ಆಕ್ಸಿಲರೇಟರ್ ಒತ್ತುವವರನ್ನು ಸೀಟಿನಿಂದ ಎಬ್ಬಿಸಿ.

ಹಂತ 10: ಮೊದಲ ಸಾವಿರ ಕಿಲೋಮೀಟರ್

ಆರ್‌ಟಿಒ ತಪಾಸಣೆ ಮುಗಿದು, ಆರ್‌ಸಿಯಲ್ಲಿ ಹೊಸ ಎಂಜಿನ್ ನಂಬರ್ ಬಂದು, ವಿಮಾ ಕಂಪನಿಗೆ ಬರಹದಲ್ಲಿ ತಿಳಿಸಿದ ಮೇಲೆ ರಸ್ತೆಗೆ ಇಳಿಯಿರಿ. ಮೊದಲ ವಾರ ಪ್ರತಿದಿನ ಕೆಳಗೆ ನುಸುಳಿ ಮೌಂಟಿಂಗ್, ಪ್ರಪೆಲ್ಲರ್ ಶಾಫ್ಟ್, ಟರ್ಬೊ ಬೋಲ್ಟುಗಳನ್ನು ಬಿಗಿ ನೋಡಿ. 500 ಕಿಲೋಮೀಟರಿಗೆ ಎಣ್ಣೆ ಬದಲಿಸಿ. ಏರು ಹತ್ತಿ ನಿಲ್ಲಿಸುವಾಗ ಒಂದೆರಡು ನಿಮಿಷ ಐಡಲಿನಲ್ಲಿ ಬಿಟ್ಟು ಆಮೇಲೆ ಕೀ ತೆಗೆಯಿರಿ. ತಕ್ಷಣ ನಿಲ್ಲಿಸಿದರೆ ಟರ್ಬೊದೊಳಗೆ ನಿಂತ ಎಣ್ಣೆ ಕಾದು ಇದ್ದಿಲಾಗುತ್ತದೆ.

ಪಂಪಿನ ಸ್ಕ್ರೂ ತಿರುಗಿಸಿ "ಇನ್ನೂ ಸ್ವಲ್ಪ ಪಿಕಪ್" ಕೊಡುತ್ತೇವೆ ಅನ್ನುವವರು ಸಿಗುತ್ತಾರೆ. ಕಪ್ಪು ಹೊಗೆ, ಮಿತಿಮೀರಿದ ಬಿಸಿ, ಬಿರುಕುಬಿಟ್ಟ ಹೆಡ್ ಅದರ ಫಲ. ಕಂಪನಿಯ ಸೆಟ್ಟಿಂಗ್ ಬಿಟ್ಟು ಅಲುಗಬೇಡಿ.

ಕೊನೆಗೆ, ಯಾವ ಭಾಗ ಯಾವ ಗಾಡಿಯದು ಎಂದು ಒಂದು ಪಟ್ಟಿ ಬರೆದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಜೀಪಿನಲ್ಲೇ ಇಡಿ: ಕ್ಲಚ್ ಪ್ಲೇಟ್, ಫ್ಯಾನ್ ಬೆಲ್ಟ್, ರೇಡಿಯೇಟರ್ ಹೋಸ್, ಆಯಿಲ್ ಫಿಲ್ಟರ್, ಬ್ರೇಕ್ ಪ್ಯಾಡ್. ಕಳಸದಲ್ಲೋ ಸೋಮವಾರಪೇಟೆಯಲ್ಲೋ ಮಳೆಗಾಲದ ಸಂಜೆ ಬೆಲ್ಟ್ ಹರಿದಾಗ, ಅಂಗಡಿಯವರು ಮೊದಲು ಕೇಳುವುದು "ಯಾವ ಗಾಡಿದು, ಯಾವ ಮಾಡೆಲ್ಲು?" ಎಂದೇ.